ಗುಡ್ಡೆಯ ಕರಂಡೆ ಗಿಡ ಬೋನ್ಸಾಯ್ ಆಗ್ತದಾ? ಜೆಸಿಬಿ ಬರುವ ಮೊದಲು ತೆಗೀಬೇಕು

ಗುಡ್ಡೆಕರೆ_ಪೆರ್ಲ (ಫೆಬ್ರವರಿ ಮೂರನೇ ವಾರ)

ನಮಸ್ಕಾರ ಎಲ್ರಿಗೂ. ಇಲ್ಲಿ ಬೋನ್ಸಾಯ್ ಮಾಡುವವರು ಸುಮಾರು ಜನ ಇದ್ದೀರಿ ಅಂತ ನೋಡಿ ಕೇಳ್ತಾ ಇದ್ದೇನೆ. ನಮ್ಮದು ಪೆರ್ಲದ ಹತ್ತಿರ, ಮನೆಯ ಹಿಂದೆ ಗುಡ್ಡೆ, ಮೇಲೆ ಹೋದ್ರೆ ಬರೀ ಮುರಕಲ್ಲು. ಅಲ್ಲಿ ಒಂದು ಕರಂಡೆ ಗಿಡ ಉಂಟು, ನಾನು ಶಾಲೆಗೆ ಹೋಗುವಾಗ್ಲೇ ಇತ್ತು, ಆಗಲೂ ಸೊಂಟದಷ್ಟು ಎತ್ತರ ಈಗಲೂ ಅಷ್ಟೇ. ಆಡು ತಿಂದು, ಸೊಪ್ಪು ಮಾಡುವವರು ವರ್ಷ ವರ್ಷ ಕತ್ತಿಯಲ್ಲಿ ಕಡಿದು ಕಡಿದು ಬುಡ ಮಾತ್ರ ದಪ್ಪ ಆಗ್ತಾ ಬಂದಿದೆ, ಈಗ ನನ್ನ ಮುಂಗೈಗಿಂತ ದಪ್ಪ. ಒಂದು ಬದಿಗೆ ಬಗ್ಗಿಕೊಂಡು ಆಮೇಲೆ ಮೇಲೆ ಎದ್ದಿದೆ, ಬುಡದಲ್ಲಿ ಬೇರು ಕಲ್ಲನ್ನು ಹಿಡ್ಕೊಂಡ ಹಾಗೆ ಹೊರಗೆ ಕಾಣ್ತದೆ. ಬೋನ್ಸಾಯ್ ವಿಡಿಯೋ ನೋಡ್ಲಿಕ್ಕೆ ಶುರು ಮಾಡಿದ ಮೇಲೆ ಗೊತ್ತಾದದ್ದು, ಇಂಥ ಬುಡಕ್ಕೆ ಜನ ಸಾವಿರಗಟ್ಟಲೆ ಕೊಡ್ತಾರೆ ಅಂತ.

ಈಗ ವಿಷಯ ಎಂತ ಅಂದ್ರೆ ಅಣ್ಣ ಅಲ್ಲಿಯೇ ಮನೆ ಕಟ್ಟುದು. ಬಿಸು ಕಳೆದ ಕೂಡ್ಲೆ ಜೆಸಿಬಿ ಬರ್ತದೆ, ಗುಡ್ಡೆ ತಟ್ಟು ಮಾಡುವಾಗ ಗಿಡ ಹೋಯ್ತು ಅಂತಲೇ ಲೆಕ್ಕ. ಅದಕ್ಕೆ ಮೊದಲು ತೆಗೆದು ಚಟ್ಟಿಗೆ ಹಾಕ್ಬೇಕು ಅಂತ ಆಸೆ. ಗಿಡದಲ್ಲಿ ಈಗ ಮೊಗ್ಗು ಬರ್ತಾ ಉಂಟು, ಕೆಲವು ಅರಳಿಯೂ ಆಗಿದೆ, ಬೆಳಿಗ್ಗೆ ಹತ್ತಿರ ಹೋದ್ರೆ ಒಳ್ಳೆ ಪರಿಮಳ. ಹೂ ಇರುವಾಗ ಕೀಳಬಹುದಾ? ಇಂಟರ್ನೆಟ್ಟಲ್ಲಿ ಎಲ್ಲ ಕಡೆ ಸ್ಪ್ರಿಂಗ್ ಸೀಸನ್ನಲ್ಲಿ ಮಾಡಿ ಅಂತ ಬರೀತಾರೆ, ನಮ್ಮ ಊರಲ್ಲಿ ಅದು ಯಾವಾಗ ಮಾರಾಯ್ರೆ, ನಮಗೆ ಇರುದೇ ಸೆಕೆ ಮತ್ತು ಮಳೆ.

ಇನ್ನೊಂದು, ನನಗೆ ಬರೀ ಶೇಪ್ ಸಾಕಾಗುದಿಲ್ಲ, ಹಣ್ಣು ಆಗ್ಬೇಕು. ಸಣ್ಣ ಚಟ್ಟಿಯಲ್ಲಿ ಕರಂಡೆ ಹಣ್ಣು ಆಗ್ತದಾ, ಆದ್ರೆ ಹಣ್ಣೂ ಸಣ್ಣ ಆಗ್ತದಾ? ಪೇಟೆಯ ಒಂದು ನರ್ಸರಿಯಲ್ಲಿ ಕರಂಡೆ ಬೋನ್ಸಾಯ್ ಅಂತ ಒಂದು ಇಟ್ಟಿದ್ದಾರೆ, ಹಣ್ಣೂ ಉಂಟು ಅದರಲ್ಲಿ, ಆದ್ರೆ ಎಲೆ ಉರುಟು, ಹೂ ದೊಡ್ಡದು, ನಮ್ಮ ಗುಡ್ಡೆಯದ್ದರ ಹಾಗೆ ಕಾಣುದಿಲ್ಲ. ಅದು ಬೇರೆ ಜಾತಿಯಾ?

ಅಮ್ಮ ಈಗಲೇ ಹೇಳಿ ಆಗಿದೆ, ಮುಳ್ಳಿನ ಗಿಡ ಅಂಗಳದಲ್ಲಿ ಬೇಡ ಅಂತ. ಅದನ್ನು ನಾನು ನೋಡಿಕೊಳ್ತೇನೆ, ನೀವು ಗಿಡದ ವಿಷಯ ಹೇಳಿ.

---

ಚಟ್ಟಿಗಿಡ_ಕುಂಬಳೆ

ಮೊದಲು ಒಂದು ಮಾತು. ದಯವಿಟ್ಟು ಆದಿತ್ಯವಾರ ಪಿಕ್ಕಾಸು ಹಿಡ್ಕೊಂಡು ಹೋಗಿ ಒಮ್ಮೆಗೇ ಕಿತ್ತು ತರಬೇಡಿ. ಕರಂಡೆ ಗಟ್ಟಿ ಗಿಡ, ಯಾವ ಕಲ್ಲಲ್ಲೂ ಬದುಕ್ತದೆ ಅಂತ ಎಲ್ರೂ ಹೇಳುದು ಸರಿಯೇ, ಆದ್ರೆ ಅದು ಗಟ್ಟಿ ಆಗಿರುದು ಅದರ ಬೇರಿನಿಂದ. ಮುರಕಲ್ಲಿನ ಸಂದಿಯಲ್ಲಿ ಒಂದೆರಡು ದಪ್ಪ ಬೇರು ಆಳಕ್ಕೆ ಇಳಿದಿರ್ತದೆ, ನೀರು ಹೀರುವ ಸಣ್ಣ ಬೇರು ಎಲ್ಲ ಅದರ ತುದಿಯಲ್ಲಿ, ಬುಡದಿಂದ ಎಷ್ಟೋ ದೂರ. ನೀವು ಬುಡದ ಹತ್ತಿರ ಕಡಿದು ತೆಗೆದ್ರೆ ಕೈಗೆ ಬರುದು ಒಂದು ಕೊರಡು, ಅದಕ್ಕೆ ಕುಡಿಯುವ ಬಾಯಿಯೇ ಇರುದಿಲ್ಲ. ಕೊರಡಿನ ಒಳಗೆ ಉಳಿದ ನೀರು, ಆಹಾರದಲ್ಲಿ ಸ್ವಲ್ಪ ದಿನ ಹಸಿರು ಇರ್ತದೆ, ಚಿಗುರೂ ಬರಬಹುದು, ಬಂತಲ್ಲ ಅಂತ ಖುಷಿ ಆಗುವಷ್ಟರಲ್ಲಿ ಒಣಗ್ತದೆ.

ಹಾಗಾಗಿ ಬುಡದ ಹತ್ತಿರವೇ ಹೊಸ ಬೇರು ಬರಿಸಿ ಆಮೇಲೆ ತೆಗೀಬೇಕು. ಬಿಸುವಿಗೆ ಇನ್ನೂ ಎಂಟು ವಾರ ಉಂಟಲ್ಲ, ಕಮ್ಮಿಯೇ, ಆದ್ರೂ ಏನೂ ಮಾಡದೆ ಕೀಳುದಕ್ಕಿಂತ ಎಷ್ಟೋ ವಾಸಿ. ಬುಡದಿಂದ ಒಂದು ಅಡಿ ಬಿಟ್ಟು ಅರ್ಧ ಸುತ್ತು ಮಾತ್ರ ಕಾಲುವೆ ತೆಗೀರಿ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಆಳ, ಸಿಕ್ಕಿದ ಬೇರನ್ನು ಹಾರೆಯಲ್ಲಿ ಜಜ್ಜಬೇಡಿ, ಚೂಪು ಗರಗಸದಲ್ಲಿ ನೀಟಾಗಿ ಕತ್ತರಿಸಿ. ಆ ಕಾಲುವೆಗೆ ಹೊಯಿಗೆ ಮತ್ತು ಹಳೆ ತರಗೆಲೆ ಗೊಬ್ಬರ ಸಮಸಮ ಸೇರಿಸಿ ತುಂಬ್ಸಿ. ದಿನಾ ಒಂದು ಕೊಡ ನೀರು, ಸಂಜೆ. ಬೇರು ಹೋಗುದು ನೀರಿದ್ದಲ್ಲಿಗೆ, ಅದಕ್ಕೆ ನೀರು ಆ ಕಾಲುವೆಗೇ ಬೀಳಬೇಕು. ಮಾರ್ಚ್ ಕೊನೆಗೆ ಉಳಿದ ಅರ್ಧ ಸುತ್ತು ಹೀಗೆಯೇ. ಕೊನೆಗೆ ಜೆಸಿಬಿ ಬರುವ ವಾರ ಅಡಿಯ ತಾಯಿಬೇರು ಕಡಿದು ಮಣ್ಣಿನ ಉಂಡೆ ಸಮೇತ ಎತ್ತಿ, ಒದ್ದೆ ಗೋಣಿಯಲ್ಲಿ ಬಿಗಿಯಾಗಿ ಕಟ್ಟಿ ಕೆಳಗೆ ಇಳಿಸುದು.

ಹೂವಿನ ಮೇಲೆ ಆಸೆ ಬಿಡಿ. ಈ ವರ್ಷದ ಹಣ್ಣು ಇಲ್ಲ ಅಂತಲೇ ಲೆಕ್ಕ ಹಾಕಿ. ಬೇರು ಕಡಿಯುವ ದಿನವೇ ಮೇಲಿನ ಗೆಲ್ಲನ್ನೂ ಅರ್ಧಕ್ಕಿಂತ ಜಾಸ್ತಿ ಇಳಿಸ್ಬೇಕು, ಇಲ್ದಿದ್ರೆ ಎಲೆ ಕುಡಿಯುವಷ್ಟು ನೀರು ಬೇರು ಕೊಡ್ಲಿಕ್ಕಿಲ್ಲ. ಪೂರ್ತಿ ಬೋಳಿಸ್ಬೇಡಿ, ಪ್ರತಿ ಗೆಲ್ಲಿನಲ್ಲೂ ನಾಲ್ಕಾರು ಎಲೆ ಇರಲಿ. ಕರಂಡೆಯ ಒಳ್ಳೆ ಗುಣ ಎಂತ ಅಂದ್ರೆ ಹಳೆ ಮರದಿಂದಲೂ ಹೊಸ ಕಣ್ಣು ಒಡೀತದೆ, ಆಡು ತಿಂದ ಮೇಲೂ ಬಂದದ್ದು ಅದಕ್ಕೇ ಅಲ್ವಾ. ಕತ್ತರಿಸಿದಲ್ಲಿ ಹಾಲು ಸುರೀತದೆ, ಹೆದರಬೇಡಿ, ನೀರು ಚಿಮುಕಿಸಿದ್ರೆ ನಿಲ್ತದೆ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಬಟ್ಟೆಗೆ ತಾಗಿದ್ರೆ ಕಲೆ ಹೋಗುದಿಲ್ಲ.

ಎತ್ತಿದ ಮೇಲೆ ನೇರ ಬೋನ್ಸಾಯ್ ಚಟ್ಟಿಗೆ ಹಾಕುದು ಬೇಡ. ಮೊದಲ ಎರಡು ವರ್ಷ ಅಗಲದ ಪೆಟ್ಟಿಗೆಯಲ್ಲಿ ಬೆಳೀಲಿ. ನಾನು ಉಪಯೋಗಿಸುದು ಮೀನು ತರುವ ಥರ್ಮಾಕೋಲ್ ಪೆಟ್ಟಿಗೆ, ಕುಂಬಳೆ ಮಾರ್ಕೆಟಿನಲ್ಲಿ ಕೇಳಿದ್ರೆ ಕೊಡ್ತಾರೆ, ಉಪ್ಪು ಹೋಗುವ ಹಾಗೆ ನಾಲ್ಕು ಸಲ ತೊಳೆದು ಅಡಿಗೆ ಧಾರಾಳ ತೂತು ಮಾಡಿ. ಬೇಸಗೆಯಲ್ಲಿ ಬೇರು ಬಿಸಿ ಆಗುದಿಲ್ಲ, ಅದೇ ಅದರ ಗುಣ. ನಿಮ್ಮ ಅಮ್ಮನಿಗೆ ಮುಳ್ಳಿಗಿಂತ ಆ ಪೆಟ್ಟಿಗೆಯೇ ದೊಡ್ಡ ವಿಷಯ ಆಗಬಹುದು, ಹಾಗಾದ್ರೆ ಹಣ್ಣಿನ ಅಂಗಡಿಯ ಮರದ ಪೆಟ್ಟಿಗೆ ತನ್ನಿ.

ನರ್ಸರಿಯದ್ದು ನಟಾಲ್ ಪ್ಲಮ್. ಕರಂಡೆಯ ದಾಯಾದಿ, ದಕ್ಷಿಣ ಆಫ್ರಿಕಾದ ಗಿಡ. ಅದರ ಮುಳ್ಳು ತುದಿಯಲ್ಲಿ ಕವಲಾಗಿ ಇಬ್ಭಾಗ ಆಗಿರ್ತದೆ, ಹಣ್ಣು ದೊಡ್ಡದು, ಹಣ್ಣಾದ್ರೂ ಕೆಂಪೇ ಇರ್ತದೆ, ನಮ್ಮದು ಕೆಂಪಾಗಿ ಆಮೇಲೆ ಕಪ್ಪಾಗ್ತದೆ. ಬೋನ್ಸಾಯಿಗೆ ಅದೂ ಒಳ್ಳೆಯದೇ, ಪ್ರಪಂಚದಲ್ಲಿ ಜಾಸ್ತಿ ಜನ ಮಾಡುದು ಅದನ್ನೇ. ಆದ್ರೆ ನಿಮ್ಮ ಹತ್ತಿರ ಇರುವ ಬುಡ ಯಾವ ನರ್ಸರಿಯಲ್ಲೂ ಸಿಕ್ಕುದಿಲ್ಲ.

---

ಎರಿಹೊಲ_ಅಕ್ಕಲಕೋಟ

ನಮಸ್ಕಾರ್ರಿ. ನಾವು ಸೊಲ್ಲಾಪುರ ಜಿಲ್ಲಾದವ್ರು, ಅಕ್ಕಲಕೋಟ ಕಡಿ. ನಮ್ಮಲ್ಲಿ ಇದಕ್ಕ ಕವಳಿ ಅಂತಾರ, ಮರಾಠಿಯವ್ರು ಕರವಂದ ಅಂತಾರ, ಹೊಲದ ಬದುವಿಗೆ ಬೇಲಿ ಹಚ್ಚತೀವಿ. ಮನಿ ಮಾಳಿಗಿ ಮ್ಯಾಲ ನನ್ನ ಕಡೆ ಕವಳಿ ಬೋನ್ಸಾಯ್ ಅವ, ಬೀಜದಿಂದ ಮಾಡಿದ್ದೂ ಅವ, ಬದುವಿನಿಂದ ಕಿತ್ತು ತಂದಿದ್ದೂ ಅವ.

ನನ್ನ ಅಭಿಪ್ರಾಯ ಬ್ಯಾರೆ ಅದ. ಬ್ಯಾಸಗಿಯೊಳಗ ಈ ಗಿಡ ಮುಟ್ಟಲಿಕ್ಕೇ ಬ್ಯಾಡ್ರಿ. ಜೂನ್‌ದಾಗ ಮೊದಲ ಮಳಿ ಬಿದ್ದ ಮ್ಯಾಲ ಕೀಳ್ರಿ, ಹವಾ ತಂಪಾಗಿರತದ, ಗಿಡಕ್ಕ ದಣಿವು ಅನಿಸಂಗಿಲ್ಲ, ಎಂಟ್ ದಿನದಾಗ ಚಿಗರ್ತದ. ನಾವು ಇಲ್ಲಿ ಚಟ್ಟಿ ಬದಲಿ ಮಾಡೂದು, ಬೇರು ಕತ್ತರಿಸೂದು ಎಲ್ಲಾ ಮಿರಗದ ಮಳಿ ಹಿಡಿದ ಮ್ಯಾಲೇ. ಏಪ್ರಿಲ್ ಮೇ ತಿಂಗಳದಾಗ 42 ಡಿಗ್ರಿ ಬಿಸಲಿರತದ, ಅದರಾಗ ಬೇರು ಕಡದ್ರ ಗಿಡ ಉಳೀತದೇನ್ರಿ? ಅಣ್ಣಾವ್ರಿಗೆ ಹೇಳಿ ಜೆಸಿಬಿ ಒಂದೂವರಿ ತಿಂಗಳ ಮುಂದ ಹಾಕಸ್ರಿ.

ಮಣ್ಣಿನ ಬಗ್ಗೆ ಒಂದು ಮಾತು. ಎರಿ ಮಣ್ಣು ಒಟ್ಟ ಬ್ಯಾಡ. ಬ್ಯಾಸಗಿಗೆ ಬಿರಕ ಬಿಟ್ಟು ಸಣ್ಣ ಬೇರು ಹರೀತಾವ, ಮಳಿಗಾಲಕ್ಕ ನೀರು ಹಿಡಕೊಂಡು ಕೂಡತದ. ನಿಮ್ಮ ಕಡಿ ಆ ತ್ರಾಸು ಇಲ್ಲ, ಪುಣ್ಯವಂತ್ರು.

ಬೀಜದಿಂದ ಮಾಡೋರಿದ್ರ ಹಣ್ಣು ಕಪ್ಪಾದ ಮ್ಯಾಲ ತಿಂದು, ಬೀಜ ತೊಳದು ಅವತ್ತೇ ಊರ್ರಿ. ಒಣಗಿಸಿ ಡಬ್ಬಿದಾಗ ಇಟ್ರ ಹುಟ್ಟಂಗಿಲ್ಲ.

---

ಚಟ್ಟಿಗಿಡ_ಕುಂಬಳೆ

ಎರಿಹೊಲದವರು ಹೇಳಿದ್ದು ಅವರ ಊರಿಗೆ ನೂರಕ್ಕೆ ನೂರು ಸರಿ. ಆದ್ರೆ ಸೊಲ್ಲಾಪುರದಲ್ಲಿ ವರ್ಷಕ್ಕೆ ಬೀಳುದು 700 ಮಿಲಿಮೀಟರ್ ಆಸುಪಾಸು, ನಮ್ಮ ಕಾಸರಗೋಡಲ್ಲಿ ಸುಮಾರು 3500, ಅದರಲ್ಲೂ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್ ಒಳಗೆ. ನಿಮಗೆ ಅಲ್ಲಿ ಬರುವ ಇಡೀ ವರ್ಷದ ಮಳೆ ಇಲ್ಲಿ ಜುಲೈ ಒಂದು ತಿಂಗಳಲ್ಲಿ ಬಂದು ಹೋಗ್ತದೆ ಸ್ವಾಮಿ. ಆಗ ಹೊಸತಾಗಿ ಕತ್ತರಿಸಿದ ಬೇರು ಚಟ್ಟಿಯಲ್ಲಿ ಇದ್ರೆ ಗಾಯ ಒಣಗುದೇ ಇಲ್ಲ, ಕೊಳೀತದೆ. ಕರಂಡೆ ಬಿಸಿಲಿಗೆ ಸಾಯುವ ಗಿಡ ಅಲ್ಲ, ಬುಡದಲ್ಲಿ ನೀರು ನಿಂತ್ರೆ ಸಾಯುವ ಗಿಡ. ಗುಡ್ಡೆಯಲ್ಲಿ ನೋಡಿ, ಇಳಿಜಾರಿನಲ್ಲಿ ಕಲ್ಲಿನ ಮೇಲೆ ಇರ್ತದೆ, ಬೈಲಿನಲ್ಲಿ ಒಂದೂ ಕಾಣುದಿಲ್ಲ.

ನಮ್ಮ ಊರಿಗೆ ಚಟ್ಟಿ ಬದಲಿಸ್ಲಿಕ್ಕೆ ಒಳ್ಳೆ ಸಮಯ ನನ್ನ ಪ್ರಕಾರ ಸೋಣ ತಿಂಗಳು, ಅಂದ್ರೆ ಆಗಸ್ಟ್ ಕೊನೆ ಸೆಪ್ಟೆಂಬರ್. ಹಣ್ಣು ಮುಗಿದಿರ್ತದೆ, ಮಳೆಯ ಜೋರು ಇಳಿದಿರ್ತದೆ, ಬಿಸಿಲೂ ಮಳೆಯೂ ಸೇರಿ ಸೆಕೆ ಇರ್ತದೆ, ಬೇರು ಬೇಗ ಓಡ್ತದೆ. ಪೆರ್ಲದವರಿಗೆ ಅಲ್ಲಿಯವರೆಗೆ ಕಾಯ್ಲಿಕ್ಕೆ ಸಾಧ್ಯ ಇದ್ರೆ ಅದು ಬೆಸ್ಟ್. ಮನೆ ಕಟ್ಟುವವರ ಹತ್ತಿರ ಒಂದು ಮುಳ್ಳಿನ ಗಿಡಕ್ಕಾಗಿ ನಾಲ್ಕು ತಿಂಗಳು ನಿಲ್ಲಿ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ಹಾಗಾಗಿ ಏಪ್ರಿಲಲ್ಲೇ ತೆಗೀರಿ, ತೆಂಗಿನ ಮಡಲಿನ ನೆರಳಲ್ಲಿಡಿ, ಮಳೆ ಶುರುವಾದ ಮೇಲೆ ಮೊದಲ ವರ್ಷ ಮಾತ್ರ ಪಾರದರ್ಶಕ ಶೀಟಿನ ಅಡಿಗೆ ಸರಿಸಿ. ಅಡಿಕೆ ಒಣಗಿಸುವ ಸೋಲಾರ್ ಗೂಡು ಇದ್ರೆ ಮಳೆಗಾಲದಲ್ಲಿ ಅದು ಖಾಲಿಯೇ ಅಲ್ವಾ.

ಆಮೇಲಿನ ವರ್ಷಗಳಲ್ಲಿ ಮಳೆಗೆ ಇಡಬಹುದು. ಚಟ್ಟಿಯ ಒಂದು ಬದಿಗೆ ಹೆಂಚಿನ ತುಂಡು ಕೊಟ್ಟು ಸ್ವಲ್ಪ ಓರೆ ಮಾಡಿ ಇಡಿ, ತಟ್ಟೆಯ ಹಾಗಿನ ಚಟ್ಟಿಯಲ್ಲಿ ಅಡಿಗೆ ನಿಲ್ಲುವ ನೀರು ಒಂದು ಮೂಲೆಗೆ ಬಂದು ಇಳಿದು ಹೋಗ್ತದೆ. ಖರ್ಚಿಲ್ಲದ ಉಪಾಯ, ನಮ್ಮ ಊರಿನ ಮಳೆಗೆ ಇದಿಲ್ಲದೆ ಆಗುದಿಲ್ಲ.

ಮಿಶ್ರಣಕ್ಕೆ ಕೋಕೋಪೀಟ್ ಹಾಕಿ ಅಂತ ಎಲ್ರೂ ಹೇಳ್ತಾರೆ, ಬೆಂಗಳೂರಿಗೆ ಸರಿ, ಇಲ್ಲಿ ಮಳೆಗಾಲದಲ್ಲಿ ಅದು ಸ್ಪಂಜು. ಮುರಕಲ್ಲು ಕಡಿಯುವಲ್ಲಿ ಬಿದ್ದಿರುವ ಹುಡಿಯನ್ನು ಜರಡಿ ಹಿಡಿದು, ಕಡ್ಲೆಬೇಳೆಯಿಂದ ಕಡ್ಲೆಕಾಳಿನಷ್ಟು ಗಾತ್ರದ್ದು ಮಾತ್ರ ಇಟ್ಟುಕೊಳ್ಳಿ, ನೀರಲ್ಲಿ ತೊಳೆದು ಧೂಳು ತೆಗೀರಿ. ಅದು ಎರಡು ಪಾಲು, ಹಳೆ ಹೆಂಚು ಜಜ್ಜಿದ ಚೂರು ಒಂದು ಪಾಲು, ಚೆನ್ನಾಗಿ ಕೊಳೆತ ಹಟ್ಟಿಗೊಬ್ಬರ ಒಂದು ಪಾಲು. ಜಪಾನಿನ ಅಕಡಾಮ ಅಂತ ಬೋನ್ಸಾಯ್ ಮಣ್ಣು ತರಿಸುವವರು ತರಿಸಲಿ, ಕರಂಡೆ ಹುಟ್ಟಿದ್ದೇ ಮುರಕಲ್ಲಲ್ಲಿ.

---

ಎರಿಹೊಲ_ಅಕ್ಕಲಕೋಟ

3500 ಅಂದ್ರ ನಮ್ಮ ಐದು ವರ್ಷದ ಮಳಿ ಆತಲ್ರಿ! ಹಂಗಾದ್ರ ನಿಮ್ಮ ಮಾತು ಖರೆ, ಜೂನ್ ಬ್ಯಾಡ. ನಾ ಹಿಂದಕ್ಕ ತಗೋತೀನಿ.

---

ಮುಳ್ಳೇರಿಯ_ಟೆರೇಸ್

ಹಣ್ಣಿನ ವಿಷಯ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳ್ತೇನೆ ತಮ್ಮಾ. ನನ್ನ ಟೆರೇಸಿನಲ್ಲಿ ಕರಂಡೆ ಚಟ್ಟಿಯಲ್ಲೇ ಹಣ್ಣು ಬಿಡ್ತದೆ, ಪ್ರತಿ ವರ್ಷ.

ಕರಂಡೆಯ ಹೂ ಬರುದು ಗೆಲ್ಲಿನ ತುದಿಯಲ್ಲಿ. ಬೋನ್ಸಾಯ್ ಅಂದ್ರೆ ಚಿಗುರು ಚಿವುಟುದು, ಚಿವುಟುದು, ಚಿವುಟುದು. ಈ ಎರಡು ಒಟ್ಟಿಗೆ ಹೋಗುದಿಲ್ಲ, ಜನರಿಗೆ ಹೂ ಬರದೇ ಇರುದು ಹೆಚ್ಚಾಗಿ ಇದೇ ಕಾರಣಕ್ಕೆ, ಗೊಬ್ಬರ ಕಮ್ಮಿ ಆಗಿ ಅಲ್ಲ. ನವೆಂಬರಲ್ಲಿ ಗಿಡ ನೀಟಾಗಿ ಕಾಣ್ಲಿ ಅಂತ ಒಂದು ಸಲ ಕತ್ತರಿ ಆಡಿಸಿದ್ರೆ ಆ ವರ್ಷದ ಹೂ ಪೂರಾ ಕಸದ ಬುಟ್ಟಿಗೆ. ಗಿಡ ಗುಂಡಗೆ ಚಂದ ಇರ್ತದೆ, ಫೋಟೋಗೆ ಲೈಕ್ ಬರ್ತದೆ, ಹಣ್ಣು ಬರುದಿಲ್ಲ.

ನಾನು ಮಾಡುದು ಹೀಗೆ. ಜೂನ್ ಜುಲೈಗೆ ಹಣ್ಣು ಮುಗೀತದೆ, ಮುಗಿದ ಕೂಡ್ಲೆ ಗಟ್ಟಿ ಪ್ರೂನಿಂಗ್, ಶೇಪ್ ಎಂತ ಮಾಡ್ಲಿಕ್ಕಿದ್ರೂ ಆಗಲೇ. ಚಿಗುರು ಬಂದ ಮೇಲೆ ಒಂದು ಸಲ ಚಿವುಟ್ತೇನೆ, ಗೆಲ್ಲು ಹೆಚ್ಚಾಗ್ಲಿಕ್ಕೆ, ಅದೂ ಸೆಪ್ಟೆಂಬರ್ ಒಳಗೆ. ಆಮೇಲೆ ಕತ್ತರಿ ಕಪಾಟಿಗೆ. ಅಕ್ಟೋಬರಿನಿಂದ ಗಿಡ ಕೆದರಿದ ತಲೆ ಆಗ್ತದೆ, ನೋಡಿ ಕೈ ತುರಿಸ್ತದೆ, ಆದ್ರೂ ಮುಟ್ಟುದಿಲ್ಲ. ಹಿಂಡಿ ಗೊಬ್ಬರವನ್ನೂ ಆಗ ನಿಲ್ಲಿಸ್ತೇನೆ, ಸಾರಜನಕ ಜಾಸ್ತಿ ಆದ್ರೆ ಬರೀ ಎಲೆಯೇ. ಒಲೆಯ ಬೂದಿ ಒಂದು ಚಮಚ, ಎಲುಬಿನ ಹುಡಿ ಒಂದು ಚಮಚ, ಅಷ್ಟೇ. ಡಿಸೆಂಬರಲ್ಲಿ ನೀರೂ ಸ್ವಲ್ಪ ಬಿಗಿ ಮಾಡ್ತೇನೆ, ಎಲೆ ಬಾಡದಷ್ಟು. ಜನವರಿ ಕೊನೆಗೆ ಮೊಗ್ಗು ಕಾಣ್ತದೆ, ಆಗ ಪುನಃ ನೀರು ಧಾರಾಳ, ಮಾರ್ಚಿನ ಬಿಸಿಲಿಗೆ ಎರಡು ಹೊತ್ತು. ಕಾಯಿ ಕಟ್ಟುವಾಗ ಒಂದು ದಿನ ನೀರು ತಪ್ಪಿದ್ರೆ ಮಿಡಿ ಎಲ್ಲ ಉದುರ್ತದೆ, ಸಣ್ಣ ಚಟ್ಟಿಯಲ್ಲಿ ನೀರಿನ ಸ್ಟಾಕ್ ಇರುದಿಲ್ಲ ನೋಡು.

ಬಿಸಿಲು ಪೂರ್ತಿ ಬೇಕು. ಜಗಲಿಯಲ್ಲಿ ನೆರಳಲ್ಲಿಟ್ರೆ ಎಲೆ ದೊಡ್ಡದಾಗ್ತದೆ, ಗಣ್ಣು ದೂರ ದೂರ ಹೋಗ್ತದೆ, ಹೂ ಇಲ್ಲ. ಬ್ರಷ್ ತಗೊಂಡು ನೀನೇ ಪರಾಗ ಹಚ್ಚುವ ಆಲೋಚನೆ ಮಾಡಬೇಡ, ಹೂವಿನ ಕೊಳವೆ ಅಷ್ಟು ಸಪುರ, ಹುಳಗಳು ಮಾಡ್ತವೆ, ಗಿಡ ಹೊರಗಿರ್ಬೇಕು ಅಷ್ಟೇ.

ಹಣ್ಣು ಸಣ್ಣ ಆಗ್ತದಾ ಅಂತ ಕೇಳಿದ್ದೀಯಲ್ಲ, ಆಗುದಿಲ್ಲ. ಎಲೆ ಸಣ್ಣ ಆಗ್ತದೆ, ಹೂ ಹಣ್ಣು ಗುಡ್ಡೆಯಲ್ಲಿ ಹೇಗೋ ಹಾಗೆಯೇ. ಯಾವ ಹಣ್ಣಿನ ಬೋನ್ಸಾಯಿಗೂ ಇದೇ ಲೆಕ್ಕ. ಹಾಗಾಗಿ ಅರ್ಧ ಅಡಿಯ ಗಿಡ ಮಾಡಿದ್ರೆ ಹಣ್ಣು ಬಿಟ್ಟಾಗ ತಮಾಷೆ ಕಾಣ್ತದೆ. ಕರಂಡೆಗೆ ಒಂದೂವರೆ ಎರಡು ಅಡಿ ಎತ್ತರ ಸರಿ, ನಿನ್ನ ಬುಡಕ್ಕೂ ಅದೇ ಹೊಂದುದು. ಮತ್ತೆ ಬಂದ ಕಾಯಿ ಎಲ್ಲ ಉಳಿಸ್ಬಾರ್ದು. ಗೊಂಚಲಿಗೆ ಒಂದೋ ಎರಡೋ ಬಿಟ್ಟು ಉಳಿದದ್ದು ಎಳೆಯದಿರುವಾಗಲೇ ತೆಗೆದು ಉಪ್ಪಿಗೆ ಹಾಕು. ಇಲ್ದಿದ್ರೆ ಗಿಡ ಸುಸ್ತಾಗಿ ಮರುವರ್ಷ ಒಂದು ಹೂವೂ ಬಿಡುದಿಲ್ಲ. ಸಣ್ಣ ಭರಣಿ ತುಂಬ್ಲಿಕ್ಕೂ ಸಾಕಾಗುದಿಲ್ಲ ಅದು, ಆದ್ರೆ ಬೋನ್ಸಾಯಿಯ ಉಪ್ಪಿನಕಾಯಿ ಅಂತ ನೆಂಟರಿಗೆ ಬಡಿಸುವ ಗತ್ತೇ ಬೇರೆ. (ಬೇಕರಿ ಕೇಕಿನ ಮೇಲೆ ಕೆಂಪು ಚೆರಿ ಅಂತ ಇಡ್ತಾರಲ್ಲ, ಅದು ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿಟ್ಟ ಕರಂಡೆಯೇ. ಗುಡ್ಡೆಯಲ್ಲಿ ಹಕ್ಕಿಗೂ ಬೇಡ ಅಂತ ಬಿಟ್ಟದ್ದನ್ನು ದುಡ್ಡು ಕೊಟ್ಟು ತಿನ್ನುದು.)

ಅಮ್ಮನಿಗೆ ಹೇಳು, ಅಂಗಳದಲ್ಲಿ ಅಲ್ಲ, ಟೆರೇಸಿನಲ್ಲಿ ಅಂತ. ನನ್ನ ಅತ್ತೆಯೂ ಹಾಗೆಯೇ ಹೇಳ್ತಾ ಇದ್ದದ್ದು, ಹೂ ಬಂದ ವರ್ಷ ಸುಮ್ಮನಾದ್ರು.

---

ಬೈಲುಕರೆ

ಎಲ್ಲ ಸರಿ, ಆದ್ರೆ ಒಂದು ಮಾತು ಕೇಳ್ಲಾ, ಇಷ್ಟು ವರ್ಷ ಗುಡ್ಡೆಯಲ್ಲಿ ಸುಖವಾಗಿದ್ದ ಗಿಡವನ್ನು ತಟ್ಟೆಯಲ್ಲಿಟ್ಟು ಬೇರು ಕತ್ತರಿಸಿ ವೈರ್ ಸುತ್ತಿ ಹಿಂಸೆ ಮಾಡುದು ಯಾಕೆ? ಬದಿಯಲ್ಲಿ ಎಲ್ಲಾದ್ರೂ ನೆಟ್ಟುಬಿಡಿ. ಹಣ್ಣಾದ್ರೆ ಮಕ್ಕಳು ತಿಂತಾರೆ, ಹಕ್ಕಿಗಳು ತಿಂತವೆ. ಈಗೆಲ್ಲ ಗುಡ್ಡೆಯಲ್ಲಿ ಕರಂಡೆ, ಕುಂಟಲ, ಕೇಪುಳ ಒಂದೂ ಇಲ್ಲ, ಎಲ್ಲ ರಬ್ಬರ್.

---

ಚಟ್ಟಿಗಿಡ_ಕುಂಬಳೆ

ಬೈಲುಕರೆಯವರೇ, ನಿಮ್ಮ ಬೇಸರ ನನಗೂ ಉಂಟು. ಆದ್ರೆ ಈ ಗಿಡದ ಎದುರಿಗೆ ಇರುದು ಜೆಸಿಬಿ, ಗುಡ್ಡೆಯ ಸುಖ ಅಲ್ಲ. ಬೋನ್ಸಾಯ್ ಅಂದ್ರೆ ಹಸಿವೆಯಲ್ಲಿ ಇಡುದು ಅಂತ ಒಂದು ತಪ್ಪು ಕಲ್ಪನೆ ಉಂಟು, ಹಸಿವೆಯಲ್ಲಿದ್ದ ಗಿಡ ಹಣ್ಣು ಬಿಡುದಿಲ್ಲ. ಇದನ್ನು ಗುಡ್ಡೆಯಲ್ಲಿ ಕುಳ್ಳ ಮಾಡಿದ್ದು ಆಡು ಮತ್ತು ಕತ್ತಿ, ನಾವು ಆ ಕೆಲಸ ಸ್ವಲ್ಪ ಮರ್ಯಾದೆಯಲ್ಲಿ ಮುಂದುವರಿಸುದು.

ನಿಮ್ಮ ಮಾತಿನಲ್ಲಿ ಒಂದು ಮಾತ್ರ ಖಂಡಿತ ಒಪ್ತೇನೆ. ಸ್ವಂತ ಜಾಗೆಯಲ್ಲಿ, ಹೇಗೂ ಹೋಗುವ ಗಿಡ ಆದ್ರೆ ಮಾತ್ರ ತೆಗೀಬೇಕು. ಕಾಡಿನಿಂದ, ಬೇರೆಯವರ ಗುಡ್ಡೆಯಿಂದ ಬೋನ್ಸಾಯಿಗೆ ಅಂತ ಕಿತ್ತು ತರುವವರಿಗೆ ನಾನು ಒಂದು ಅಕ್ಷರವೂ ಹೇಳಿಕೊಡುದಿಲ್ಲ. ಮತ್ತೆ ಪೆರ್ಲದವರೇ, ಗೆಲ್ಲು ಕತ್ತರಿಸುವ ಮೊದಲು ಒಂದು ಆಲೋಚನೆ. ಬೆರಳು ದಪ್ಪದ ಒಂದೆರಡು ಗೆಲ್ಲನ್ನು ಈಗ ಬಿಟ್ಟು, ಗಿಡ ಪೆಟ್ಟಿಗೆಯಲ್ಲಿ ಹಿಡಿದ ಮೇಲೆ ಬರುವ ವರ್ಷದ ಮಳೆಗಾಲಕ್ಕೆ ಗೂಟಿ ಕಟ್ಟಿ, ಅಂದ್ರೆ ಗೆಲ್ಲು ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುದು. ಸಿಪ್ಪೆ ಒಂದು ಇಂಚು ಉಂಗುರದ ಹಾಗೆ ತೆಗೆದು, ಹಾಲು ನಿಂತ ಮೇಲೆ ಒರೆಸಿ, ಒದ್ದೆ ತೆಂಗಿನ ನಾರು ಸುತ್ತಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟುದು. ಕತ್ತರಿಸಿ ನೆಟ್ಟ ಕಡ್ಡಿ ಈ ಗಿಡದಲ್ಲಿ ಸುಲಭಕ್ಕೆ ಹಿಡಿಯುದಿಲ್ಲ, ಗೂಟಿ ಆಗ್ತದೆ. ಹಾಗೆ ಬಂದ ಗಿಡವನ್ನು ಬೈಲುಕರೆಯವರು ಹೇಳಿದ ಹಾಗೆ ಬೇಲಿ ಬದಿಗೆ ನೆಡಿ, ಇಬ್ಬರ ಮಾತೂ ನಡೆದ ಹಾಗಾಯ್ತು.

---

ಹಸಿರುಬಾಲ್ಕನಿ

ನನ್ನ ನಟಾಲ್ ಪ್ಲಮ್‌ಗೆ ಬಿಳಿ ಬಿಳಿ ಹತ್ತಿಯ ಹಾಗೆ ಬಂತು, ಇರುವೆಯೂ ಜಾಸ್ತಿ. ಅಂಗಡಿಯವರು ಕೊಟ್ಟ ಸಿಸ್ಟಮಿಕ್ ಕೀಟನಾಶಕ ಹೊಡೆದೆ, ಒಂದೇ ಸಲಕ್ಕೆ ಕ್ಲೀನ್. ಕರಂಡೆಗೂ ಬರ್ತದೆ, ಮೊದಲೇ ಹೊಡೆದು ಇಟ್ಟುಕೊಳ್ಳಿ.

---

ಮುಳ್ಳೇರಿಯ_ಟೆರೇಸ್

ಹಿಟ್ಟು ತಿಗಣೆ ಅದು. ಸಿಸ್ಟಮಿಕ್ ಅಂದ್ರೆ ಗಿಡದ ಒಳಗೇ ಸೇರುವ ವಿಷ, ಮಿಡಿ ತೆಗೆದು ಉಪ್ಪಿಗೆ ಹಾಕುವವರಿಗೆ ಆಗುವ ಕೆಲಸವಾ ಅದು? ಅದೂ ಪೆರ್ಲದವರಿಗೆ, ಎಣ್ಮಕಜೆ ಪಂಚಾಯತಿನವರಿಗೆ ಹೇಳುದು ನೀವು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದು ಸುರಿದು ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ, ಅದರ ಕಷ್ಟ ಇವತ್ತಿಗೂ ಆ ಕಡೆಯ ಮನೆಗಳಲ್ಲಿ ಮುಗಿದಿಲ್ಲ. ಚಂದಕ್ಕೆ ಇಟ್ಟ ಒಂದು ಚಟ್ಟಿಗಿಡಕ್ಕೆ ವಿಷ ಹೊಡೆಯುವ ಮಾತು ನಮಗೆ ಬೇಡವೇ ಬೇಡ.

ಹಳೆ ಹಲ್ಲುಜ್ಜುವ ಬ್ರಷ್ ಸಾಬೂನು ನೀರಲ್ಲಿ ಅದ್ದಿ ಉಜ್ಜಿದ್ರೆ ಹೋಗ್ತದೆ, ಮುಳ್ಳು ನೋಡಿಕೊಂಡು. ಆಮೇಲೆ ವಾರಕ್ಕೊಮ್ಮೆ ಬೇವಿನೆಣ್ಣೆ, ಲೀಟರಿಗೆ 5 ಮಿಲಿ, ನಾಲ್ಕು ಹನಿ ಸಾಬೂನು ಸೇರಿಸಿ, ಸಂಜೆ ಹೊತ್ತು. ಇರುವೆಯನ್ನು ತಡೆಯುದು ಮುಖ್ಯ, ತಿಗಣೆಯನ್ನು ಹೊತ್ತು ಗೆಲ್ಲಿಂದ ಗೆಲ್ಲಿಗೆ ಸಾಗಿಸುದೇ ಅವು. ಚಟ್ಟಿಯ ಕಾಲನ್ನು ನೀರಿನ ತಟ್ಟೆಯಲ್ಲಿಡು, ಬೆಲ್ಲದ ಡಬ್ಬಿಗೆ ಇಡ್ತಾರಲ್ಲ ಹಾಗೆ.

---

ಗುಡ್ಡೆಕರೆ_ಪೆರ್ಲ

ಎಲ್ರಿಗೂ ಭಾರೀ ಉಪಕಾರ. ಅಕ್ಕಾ, ಕತ್ತರಿ ಕಪಾಟಿಗೆ ಹೇಳುವ ಮಾತು ಗೋಡೆಯಲ್ಲಿ ಬರೆದಿಡ್ತೇನೆ.

ಅಣ್ಣನ ಹತ್ತಿರ ಮಾತಾಡಿದೆ. ಮೊದಲು ನಗಾಡಿದ, ಆಮೇಲೆ ಜಾಗೆಗೆ ಬಂದು ನೋಡಿ ಬುಡ ಒಳ್ಳೆದುಂಟು ಮಾರಾಯ ಅಂದ. ಆ ಮೂಲೆ ಕಾರ್ ಶೆಡ್ಡಿಗೆ ಬರುದಂತೆ, ಜೆಸಿಬಿ ಮನೆಯ ತಳ ಮೊದಲು ಮಾಡಿ ಅಲ್ಲಿಗೆ ಕೊನೆಗೆ ಬರ್ಲಿ ಅಂತ ಹೇಳ್ತಾನಂತೆ. ಏಪ್ರಿಲ್ ಕೊನೆವರೆಗೆ ಸಮಯ ಸಿಕ್ಕಿದ ಹಾಗಾಯ್ತು. ಇವತ್ತು ಸಂಜೆ ಬುಡದ ಸುತ್ತ ಹುಲ್ಲು ಕೆರೆದು ನೋಡಿದೆ, ಒಂದು ಬದಿಯಲ್ಲಿ ಮಣ್ಣು ಉಂಟು, ಇನ್ನೊಂದು ಬದಿಯಲ್ಲಿ ಬೇರು ಸೀದಾ ಕಲ್ಲಿನ ಬಿರುಕಿಗೆ ಇಳಿದಿದೆ, ಅಲ್ಲಿ ಕಾಲುವೆ ತೆಗೀಲಿಕ್ಕೆ ಜಾಗೆಯೇ ಇಲ್ಲ. ಅಲ್ಲಿ ಎಂತ ಮಾಡುದು? ಮತ್ತೆ ಗೆಲ್ಲು ಇಳಿಸುವಾಗ ಯಾವುದನ್ನು ಇಟ್ಟುಕೊಳ್ಳುದು ಅಂತ ಗೊತ್ತಾಗ್ತಾ ಇಲ್ಲ, ಎಲ್ಲ ಕಡೆ ಎರಡೆರಡು ಕವಲು. ವೈರ್ ಈಗಲೇ ಸುತ್ಬೇಕಾ?

---

ಚಟ್ಟಿಗಿಡ_ಕುಂಬಳೆ

ಒಳ್ಳೆ ಅಣ್ಣ.

ಕಲ್ಲಿನ ಬದಿಯ ಬೇರನ್ನು ಈಗ ಕಡೀಬೇಡಿ, ಗಿಡ ಬದುಕಿರುದು ಅದರಲ್ಲೇ. ಬಿರುಕಿನ ಮೇಲೆ ಕಾಣುವ ಭಾಗದಲ್ಲಿ ಸಿಪ್ಪೆಯನ್ನು ಅರ್ಧ ಸುತ್ತು ಮಾತ್ರ ಒಂದು ಇಂಚು ಕೆತ್ತಿ ತೆಗೆದು, ಮೇಲಿನ ಅಂಚಿಗೆ ಬೇರು ಬರಿಸುವ ಹಾರ್ಮೋನ್ ಹುಡಿ ಹಚ್ಚಿ. ಸುತ್ತ ಹೆಂಚಿನ ತುಂಡು ನಿಲ್ಲಿಸಿ ಸಣ್ಣ ಕಟ್ಟೆ ಮಾಡಿ, ಒಳಗೆ ಹೊಯಿಗೆ ಮತ್ತು ತೆಂಗಿನ ನಾರು ತುಂಬ್ಸಿ ಒದ್ದೆ ಇಡಿ. ಗೂಟಿಯೇ, ಬೇರಿಗೆ ಕಟ್ಟುದು ಅಷ್ಟೇ. ಮಣ್ಣಿನ ಬದಿಯಲ್ಲಿ ಮಾತ್ರ ಕಾಲುವೆ. ಏಪ್ರಿಲ್ ಕೊನೆಗೆ ಕಟ್ಟೆಯ ಒಳಗೆ ಬಿಳಿ ಬೇರು ಕಂಡ್ರೆ ಕೆಳಗಿನಿಂದ ಕಡೀರಿ. ಕಾಣದಿದ್ರೆ ಆ ಬೇರನ್ನು ಆದಷ್ಟು ಉದ್ದ ಇಟ್ಟು ತೆಗೆದು ಪೆಟ್ಟಿಗೆಯಲ್ಲಿ ಸುತ್ತಿ ಕೂರಿಸಿ, ಎರಡು ವರ್ಷ ಕಳೆದು ಗಿಡ್ಡ ಮಾಡಿದ್ರೆ ಆಯ್ತು.

ಗೆಲ್ಲಿನ ವಿಷಯ. ಕರಂಡೆಯ ಎಲೆ ಎದುರು ಬದುರು, ಹಾಗಾಗಿ ಗೆಲ್ಲೂ ಎದುರು ಬದುರು ಬರ್ತದೆ, ಕವಲಿನ ಹತ್ತಿರ ಮುಳ್ಳೂ ಜೋಡಿ. ಎರಡನ್ನೂ ಬಿಟ್ರೆ ಸೈಕಲಿನ ಹ್ಯಾಂಡಲ್ ಕಂಡ ಹಾಗೆ ಕಾಣ್ತದೆ, ಒಂದೊಂದು ಕವಲಿನಲ್ಲಿ ಒಂದನ್ನು ತೆಗೀಬೇಕು, ಒಮ್ಮೆ ಎಡದ್ದು, ಮತ್ತೊಮ್ಮೆ ಬಲದ್ದು. ಆದ್ರೆ ಅದು ಈಗ ಅಲ್ಲ. ಈಗ ಬರೀ ಉದ್ದ ಇಳಿಸಿ. ಯಾವ ಗೆಲ್ಲು ಬದುಕ್ತದೆ ಯಾವುದು ಒಣಗ್ತದೆ ಅಂತ ಗಿಡವೇ ತೋರಿಸ್ತದೆ, ಆಮೇಲೆ ಆರಿಸುದು. ನೋಡುವವರಿಗೆ ಗಿಡದ ಎದುರು ಯಾವ ಬದಿ ಅಂತಲೂ ಈಗ ತೀರ್ಮಾನ ಬೇಡ, ಮಣ್ಣಿನ ಅಡಿಯ ಬೇರು ಪೂರ್ತಿ ಕಂಡ ಮೇಲೆ ಬದಲಾಗ್ತದೆ. ಒಣಗಿದ ಗೆಲ್ಲು ಇದ್ರೆ ಬುಡದವರೆಗೆ ಕತ್ತರಿಸಬೇಡಿ, ಕರಂಡೆಯ ಮರ ಗಟ್ಟಿ, ಸಿಪ್ಪೆ ತೆಗೆದು ಬಿಟ್ರೆ ಹಳೆ ಮರದ ಗತ್ತು ಬರ್ತದೆ.

ವೈರ್ ಮೊದಲ ವರ್ಷ ಬೇಡ. ಹಳೆ ಗೆಲ್ಲು ಬಗ್ಗಿಸ್ಲಿಕ್ಕೆ ಹೋದ್ರೆ ಟಕ್ ಅಂತ ಮುರೀತದೆ, ಅದಕ್ಕೆ ಕತ್ತರಿಯೇ ದಾರಿ. ಬರುವ ವರ್ಷದ ಸೋಣ ತಿಂಗಳಲ್ಲಿ ಬಂದ ಹೊಸ ಚಿಗುರು ಪೆನ್ಸಿಲಿಗಿಂತ ಸಪುರ ಇರುವಾಗ, ಇನ್ನೂ ಹಸಿರು ಇರುವಾಗ, ಅಲ್ಯೂಮಿನಿಯಂ ವೈರ್ ಸಡಿಲವಾಗಿ ಸುತ್ತಿ. ತಿಂಗಳಿಗೊಮ್ಮೆ ನೋಡಿ, ಸಿಪ್ಪೆಗೆ ಒತ್ತುವ ಮೊದಲೇ ತುಂಡು ಮಾಡಿ ತೆಗೀರಿ, ಬಿಚ್ಚಲಿಕ್ಕೆ ಹೋದ್ರೆ ಮುಳ್ಳು ಕೈಗೆ, ಚಿಗುರು ನೆಲಕ್ಕೆ.

---

ಮುಳ್ಳೇರಿಯ_ಟೆರೇಸ್

ಕೈಗೆ ಚರ್ಮದ ಗ್ಲೌಸ್ ಹಾಕು, ಬಟ್ಟೆಯದ್ದಾದ್ರೆ ಮುಳ್ಳು ಒಳಗೆ ಹೋಗ್ತದೆ. ಮತ್ತೆ ಕತ್ತರಿಸುವ ಗೆಲ್ಲುಗಳಲ್ಲಿ ಹೂ ಇದೆಯಲ್ಲ, ಅದನ್ನು ಒಂದು ಗ್ಲಾಸಿನಲ್ಲಿ ಹಾಕಿ ಅಮ್ಮನ ದೇವರ ಕೋಣೆಯ ಹತ್ತಿರ ಇಡು, ಪರಿಮಳಕ್ಕೆ. ಮುಳ್ಳಿನ ಮಾತು ಅರ್ಧ ಅಲ್ಲಿಗೇ ನಿಲ್ತದೆ.

---

ಗುಡ್ಡೆಕರೆ_ಪೆರ್ಲ

ಅದು ಒಳ್ಳೆ ಐಡಿಯಾ ಅಕ್ಕಾ. ಹಾರ್ಮೋನ್ ಹುಡಿ ಬದಿಯಡ್ಕದಲ್ಲಿ ಸಿಕ್ಕುತ್ತದಾ ಅಥವಾ ಕಾಸರಗೋಡಿಗೇ ಹೋಗ್ಬೇಕಾ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಮಾರ್ಚ್ ಕೊನೆಗೆ ಕಾಲುವೆ, ಕಟ್ಟೆ ಹೇಗುಂಟು ಅಂತ ಫೋಟೋ ಹಾಕ್ತೇನೆ.